ಮಗಳಿಗೆ ‘ನೂರ್’ ಅಂತ ಹೆಸರಿಡಬೇಕು ಅಂದುಕೊಂಡಿದ್ದೇವೆ, ಅತ್ತೆ ಅದು ಗಂಡಸರ ಹೆಸರು ಅನ್ನುತ್ತಿದ್ದಾರೆ

ದುರ್ಗದ ಅಮ್ಮಿ:
ಎಲ್ಲರಿಗೂ ನಮಸ್ಕಾರ. ನನಗೆ ಹೆಣ್ಣು ಮಗು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಏಳನೇ ದಿನಕ್ಕೆ ಅಕೀಕಾ (ಮಗುವಿನ ಕೂದಲು ತೆಗೆಸಿ ಹೆಸರಿಡುವ ಶಾಸ್ತ್ರ) ಮಾಡಲು ಆಗಲಿಲ್ಲ. ನಮ್ಮವರು ಸೌದಿಯ ದಮ್ಮಾಮಿನಲ್ಲಿದ್ದಾರೆ, ರಜೆ ಸಿಕ್ಕಿದ್ದು ಮುಂದಿನ ವಾರಕ್ಕೆ. ಹಾಗಾಗಿ ಇಪ್ಪತ್ತೊಂದನೇ ದಿನ ಅಂತ ಇಟ್ಟುಕೊಂಡಿದ್ದೇವೆ. ಅಷ್ಟರೊಳಗೆ ಹೆಸರು ಗಟ್ಟಿಯಾಗಬೇಕು.

ನಮಗಿಬ್ಬರಿಗೂ ‘ನೂರ್’ ಇಷ್ಟ. ಮಗು ಹೊಟ್ಟೆಯಲ್ಲಿದ್ದಾಗಲೇ, ಗಂಡಾದರೂ ಸರಿ ಹೆಣ್ಣಾದರೂ ಸರಿ ಅಂತ, ಫೋನಿನಲ್ಲಿ ಮಾತಾಡುವಾಗೆಲ್ಲ ನೂರ್ ನೂರ್ ಅಂತಲೇ ಕರೆದು ಅಭ್ಯಾಸವಾಗಿಬಿಟ್ಟಿದೆ. ಅತ್ತೆ ಮಾತ್ರ ಒಪ್ಪುತ್ತಿಲ್ಲ. ‘ಅದು ಗಂಡಸರ ಹೆಸರು, ಹೆಣ್ಣುಮಗುವಿಗೆ ಬೇಡ’ ಅಂತ ಒಂದೇ ಮಾತು. ಅವರ ಮಾವ, ಅಂದರೆ ನಮ್ಮವರ ತಾತನ ಹೆಸರು ನೂರ್ ಅಹಮದ್. ಹಳ್ಳಿ ಹಳ್ಳಿ ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಂತೆ. ಈಗಲೂ ನಮ್ಮ ಕಡೆ ವಯಸ್ಸಾದವರು ನಮ್ಮ ಮನೆಯನ್ನು ‘ಕಲಾಯಿ ನೂರ್ ಸಾಬರ ಮನೆ’ ಅಂತಲೇ ಗುರುತಿಸುತ್ತಾರೆ.

ನನ್ನ ಪ್ರಶ್ನೆ ಮೂರು. ನೂರ್ ಹೆಣ್ಣಿನ ಹೆಸರೋ ಗಂಡಿನ ಹೆಸರೋ? ಅರ್ಥ ಬರೀ ‘ಬೆಳಕು’ ಅಂತ ಮಾತ್ರವೋ, ಬೇರೆ ಏನಾದರೂ ಇದೆಯೋ? ಮತ್ತೆ ಕನ್ನಡದಲ್ಲಿ ನೂರು ಅಂದರೆ ಸಂಖ್ಯೆ ಅಲ್ವಾ, ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉಳ್ಳಾಲ ಕಡಪ್ಪುರ:
ಅಭಿನಂದನೆ ಅಕ್ಕ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಎರಡೂ ಇದೆ. ಹೆಣ್ಣಿಗೆ ನೂರ್‌ಜಹಾನ್, ಗಂಡಿಗೆ ನೂರುದ್ದೀನ್. ಬರೀ ನೂರ್ ಅಂತ ಇಡುವುದು ಈಗ ಶುರುವಾಗಿದ್ದು. ಹಿಂದೆ ಇಲ್ಲಿ ಅರಬಿ ಹೆಸರು ಇದ್ದ ಹಾಗೆ ಉಳಿಯುತ್ತಲೇ ಇರಲಿಲ್ಲ. ಆಯಿಷಾ ಹೋಗಿ ಐಸಮ್ಮ, ಹಸನ್ ಹೋಗಿ ಹಸನಬ್ಬ. ಹಾಜಬ್ಬ ಅಂತೂ ಇಡೀ ದೇಶಕ್ಕೇ ಗೊತ್ತು, ಕಿತ್ತಳೆ ಮಾರಿ ಶಾಲೆ ಕಟ್ಟಿಸಿದವರು. ನನ್ನ ಅಜ್ಜಿಯ ರೇಷನ್ ಕಾರ್ಡಿನಲ್ಲಿ ಐಸಮ್ಮ ಅಂತಲೇ ಇತ್ತು. ಆಯಿಷಾ ಅಂತ ಯಾರಾದರೂ ಕರೆದಿದ್ದರೆ ಅವರು ತಿರುಗಿ ನೋಡುತ್ತಲೇ ಇರಲಿಲ್ಲ.

ಅರಬಿ ಮೇಷ್ಟ್ರು, ವಿಜಯಪುರ:
ತಂಗಿ, ಮೊದಲು ಅರ್ಥ ಹೇಳುತ್ತೇನೆ, ಯಾಕೆಂದರೆ ಈ ಹೆಸರಿನ ಅರ್ಥ ತುಂಬಾ ಚೆನ್ನಾಗಿದೆ.

ಅರಬಿಯಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ನೂರ್‌ನ ಬೇರು ನ-ವ-ರ. ಇದೇ ಬೇರಿನಿಂದ ಮುನೀರ್ (ಬೆಳಕು ಕೊಡುವವನು), ಮುನೀರಾ, ಅನ್ವರ್, ತನ್ವೀರ್ ಎಲ್ಲ ಬಂದವು. ಮಸೀದಿಯ ಮಿನಾರು ಕೂಡ ಇದೇ ಬೇರಿನದು, ‘ಬೆಳಕಿನ ಜಾಗ’ ಅಂತ ಅದರ ಮೂಲ ಅರ್ಥ. ಬೆಂಕಿಗೆ ಅರಬಿಯಲ್ಲಿ ‘ನಾರ್’ ಅನ್ನುತ್ತಾರೆ, ಅದೂ ಈ ಮನೆಯದೇ.

ಇನ್ನು ಬರೀ ಬೆಳಕಾ ಅಂತ ಕೇಳಿದಿರಿ. ಕುರ್‌ಆನಿನ 10ನೇ ಸೂರಾ (ಅಧ್ಯಾಯ), ಯೂನುಸ್, ಅದರ 5ನೇ ಆಯತ್ತಿನಲ್ಲಿ (ವಚನದಲ್ಲಿ) ಸೂರ್ಯನ ಬೆಳಕಿಗೆ ‘ಝಿಯಾ’ ಅನ್ನುವ ಪದ ಇದೆ, ಚಂದ್ರನ ಬೆಳಕಿಗೆ ‘ನೂರ್’ ಅನ್ನುವ ಪದ ಇದೆ. ಎರಡಕ್ಕೂ ವ್ಯತ್ಯಾಸ ಇದೆ. ಝಿಯಾದಲ್ಲಿ ಉರಿಯೂ ಇರುತ್ತದೆ. ನೂರ್ ಅಂದರೆ ಸುಡದೇ ಇರುವ ಬೆಳಕು, ಕಣ್ಣಿಗೆ ತಂಪಾದ ಬೆಳಕು. ನಮ್ಮ ದಖನಿ ಉರ್ದುವಿನಲ್ಲಿ ‘ಮುಖದ ಮೇಲೆ ನೂರ್ ಇದೆ’ ಅಂತೀವಲ್ಲ, ಕನ್ನಡದಲ್ಲಿ ‘ಮುಖದಲ್ಲಿ ಕಳೆ ಇದೆ’ ಅನ್ನುವುದು ಸರಿಯಾಗಿ ಅದೇ. ದೀಪಕ್ಕಿಂತ ಆ ‘ಕಳೆ’ ಅನ್ನುವ ಪದವೇ ಈ ಹೆಸರಿಗೆ ಹತ್ತಿರ ಅಂತ ನನಗೆ ಅನಿಸುತ್ತದೆ.

ಗಂಡೋ ಹೆಣ್ಣೋ ಅಂದರೆ, ವ್ಯಾಕರಣದಲ್ಲಿ ಪದ ಪುಲ್ಲಿಂಗ. ಆದರೆ ಹೆಸರಾಗಿ ಇಬ್ಬರಿಗೂ ಇಡುತ್ತಾರೆ. ಲೆಬನಾನ್, ಸಿರಿಯಾ, ಈಜಿಪ್ಟ್ ಕಡೆ ಇವತ್ತು ಹೆಣ್ಣುಮಕ್ಕಳಲ್ಲಿ ತುಂಬಾ ಕಾಣಿಸುತ್ತದೆ. ಜೋರ್ಡಾನಿನ ರಾಣಿ ನೂರ್ ಅವರ ಹುಟ್ಟು ಹೆಸರು ಲೀಸಾ, 1978ರಲ್ಲಿ ಮದುವೆಯಾದಾಗ ನೂರ್ ಆದರು.

ಹೊಸಪೇಟೆ ಮಾಮಾ:
ಮೇಷ್ಟ್ರೇ, ಒಂದು ವೆಬ್‌ಸೈಟಿನಲ್ಲಿ ನೂರ್ ಅಂದರೆ ‘ದೇವರ ಉಡುಗೊರೆ’ ಅಂತ ಬರೆದಿದ್ದಾರೆ. ಲಕ್ಕಿ ನಂಬರ್, ಲಕ್ಕಿ ಬಣ್ಣ ಎಲ್ಲ ಇದೆ. ಅದು ಸುಳ್ಳಾ?

ಅರಬಿ ಮೇಷ್ಟ್ರು, ವಿಜಯಪುರ:
ತಪ್ಪು. ಉಡುಗೊರೆಗೆ ಅರಬಿಯಲ್ಲಿ ‘ಹದಿಯಾ’ ಅನ್ನುತ್ತಾರೆ, ‘ಹಿಬಾ’ ಅನ್ನುತ್ತಾರೆ. ಆ ಸೈಟುಗಳನ್ನು ನೋಡಿ ಹೆಸರಿಡಬೇಡಿ ಅಂತ ಎಲ್ಲರಿಗೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ, ಕೊನೆಗೆ ಕೇಳಲು ಇಂಪಾಗಿರುವ ಹೆಸರಿಗೆಲ್ಲ ‘ದೇವರ ಉಡುಗೊರೆ’ ಅನ್ನುವ ಅರ್ಥ ಅಂಟಿಕೊಳ್ಳುತ್ತದೆ. ನನ್ನ ಹತ್ತಿರ ಓದಲು ಬರುವ ಮಕ್ಕಳಲ್ಲಿ ಝೋಯಾ ಇದ್ದಾಳೆ. ಒಳ್ಳೆಯ ಹೆಸರೇ, ‘ಜೀವ’ ಅಂತ ಅರ್ಥ, ಆದರೆ ಅದು ಗ್ರೀಕಿನಿಂದ ರಷ್ಯಾ ಕಡೆ ಹೋದ ಹೆಸರು, ಅರಬಿಯದಲ್ಲ. ಅವಳ ಅಪ್ಪ ಅಮ್ಮ ಅರಬಿ ಅಂತಲೇ ನಂಬಿದ್ದರು.

ನಿವೃತ್ತ ಶಿಕ್ಷಕ, ಕೊಪ್ಪಳ:
ನಾನು ಮುಸ್ಲಿಂ ಅಲ್ಲ. ಮೂವತ್ತೆರಡು ವರ್ಷ ಹಾಜರಿ ಕೂಗಿದವನು, ಆ ಅನುಭವದಿಂದ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಯಾರೂ ಆಡಿಕೊಳ್ಳುವುದಿಲ್ಲ. ನಮ್ಮ ಕಡೆ ನೂರಂದಪ್ಪ, ನೂರೊಂದಯ್ಯ ಅಂತ ಹೆಸರು ಇರುವ ಲಿಂಗಾಯತರು ಬೇಕಾದಷ್ಟು ಜನ ಇದ್ದಾರೆ. ನೂರೊಂದು ಅನ್ನುವುದೇ ಹೆಸರು. ಮಕ್ಕಳಿಗೆ ಅದರಲ್ಲಿ ವಿಶೇಷ ಏನೂ ಅನಿಸುವುದಿಲ್ಲ. ಒಂದೇ ತರಗತಿಯಲ್ಲಿ ನೂರೊಂದಯ್ಯ, ನೂರ್ ಅಹಮದ್ ಇಬ್ಬರೂ ಇದ್ದ ವರ್ಷವೂ ಇತ್ತು, ಹಾಜರಿ ಪುಸ್ತಕದಲ್ಲಿ ಒಬ್ಬರ ಕೆಳಗೆ ಒಬ್ಬರು.

ಆದರೆ ಒಂದು ಮಾತು. ‘ನೂರ್’ ಅಂತ ಅರ್ಧಕ್ಷರದಲ್ಲಿ ನಿಲ್ಲಿಸಲು ಕನ್ನಡದ ನಾಲಿಗೆಗೆ ಬರುವುದಿಲ್ಲ. ಕಾರ್ ಕಾರು ಆಯಿತು, ಬಸ್ ಬಸ್ಸು ಆಯಿತು. ನಿಮ್ಮ ಮಗಳೂ ಊರಿನವರ ಬಾಯಲ್ಲಿ ನೂರು ಆಗುತ್ತಾಳೆ. ಅದಕ್ಕೆ ಬೇಜಾರಾಗಬೇಡಿ, ನೂರು ವರ್ಷ ಬಾಳು ಅಂತ ಹರಸಿದ ಹಾಗೆ ಆಯಿತಲ್ಲ.

ಗಂಡು ಹೆಣ್ಣಿನ ವಿಷಯಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಕಿರಣ್ ಅಂದರೆ ಇಲ್ಲಿ ಹುಡುಗ. ಉತ್ತರದ ಕಡೆ ಹೋದರೆ ಕಿರಣ್ ಬೇಡಿ. ಬೆಳಕಿನ ಹೆಸರು ಎಲ್ಲ ಕಡೆಯೂ ಹೀಗೆಯೇ ಏನೋ.

ಐಂಡ್‌ಹೋವನ್ ಕನ್ನಡಿಗ:
ಬೆಳಗ್ಗೆ ಇದನ್ನು ಓದಿ ಆಶ್ಚರ್ಯ ಆಯಿತು. ನನ್ನ ಮಗ ಹೋಗುವ ಶಿಶುವಿಹಾರದಲ್ಲಿ ಒಬ್ಬಳು ನೂರ್ ಇದ್ದಾಳೆ. ಬಿಳಿ ಕೂದಲಿನ ಡಚ್ ಹುಡುಗಿ! ನಾನು ಮೊದಲು ಅರಬಿ ಹೆಸರು ಅಂದುಕೊಂಡಿದ್ದೆ. ವಿಚಾರಿಸಿದರೆ ಇಲ್ಲಿ ಅದು ಎಲೆಯೊನೋರಾ ಅನ್ನುವ ಹೆಸರಿನ ಚಿಕ್ಕ ರೂಪ. ನೆದರ್‌ಲ್ಯಾಂಡ್ಸ್‌ನಲ್ಲೂ ಬೆಲ್ಜಿಯಮ್ಮಿನ ಡಚ್ ಭಾಗದಲ್ಲೂ ಹೆಣ್ಣುಮಕ್ಕಳಿಗೆ ತುಂಬಾ ಇಡುತ್ತಾರೆ. ಅಕ್ಷರ ಅದೇ, ಆದರೆ ಬಾಯಲ್ಲಿ ‘ನೋರ್’ ಅಂತ ಕೇಳಿಸುತ್ತದೆ. ಇಲ್ಲಿನ ಮೊರಾಕ್ಕೊ ಮೂಲದವರಲ್ಲೂ ನೂರ್ ಇದ್ದಾರೆ. ಹಾಗಾಗಿ ಪಟ್ಟಿಯಲ್ಲಿ ಹೆಸರು ನೋಡಿದ ಮಾತ್ರಕ್ಕೆ ಯಾವ ನೂರ್ ಅಂತ ಹೇಳಲು ಆಗುವುದಿಲ್ಲ.

ಲೆಸ್ಟರ್ ಲಲಿತಾ:
ಜನಪ್ರಿಯತೆಯ ಲೆಕ್ಕ ನೋಡುವಾಗ ಇದೇ ಸಮಸ್ಯೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರತಿ ವರ್ಷ ಸರ್ಕಾರಿ ಅಂಕಿಅಂಶ ಕಚೇರಿ ಪಟ್ಟಿ ಹೊರಡಿಸುತ್ತದೆ. 2023ರಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಮುಹಮ್ಮದ್ ಮೊದಲ ಸ್ಥಾನಕ್ಕೆ ಬಂತು, 4,661 ಮಕ್ಕಳು. ಅದು ಒಂದು ಸ್ಪೆಲ್ಲಿಂಗಿನ ಲೆಕ್ಕ ಮಾತ್ರ. ಅದೇ ಹೆಸರಿನ ಇನ್ನೆರಡು ಸ್ಪೆಲ್ಲಿಂಗ್ ಅದೇ ಪಟ್ಟಿಯ ಮೊದಲ 100ರಲ್ಲಿ ಬೇರೆಯಾಗಿ ಇದ್ದವು. ನೂರ್‌ಗೂ ಹಾಗೆಯೇ. ಇಂಗ್ಲಿಷಿನಲ್ಲಿ ಎರಡು ಓ ಹಾಕುವವರು, ಒಂದು ಯು ಹಾಕುವವರು, ಓ-ಯು ಹಾಕುವವರು. ಫ್ರೆಂಚ್ ಪ್ರಭಾವ ಇರುವ ಕಡೆ ಓ-ಯು, ಟರ್ಕಿ ಮಲೇಷ್ಯಾ ಕಡೆ ಯು, ನಮ್ಮ ಕಡೆ ಎರಡು ಓ. ಒಂದು ಹೆಸರು ಪಟ್ಟಿಯಲ್ಲಿ ಮೂರು ಕಡೆ ಹರಿದುಹೋಗುತ್ತದೆ. ಅದಕ್ಕೇ ‘ಇಷ್ಟನೇ ರ‍್ಯಾಂಕ್’ ಅನ್ನುವ ಮಾತನ್ನು ನಂಬುವುದು ಕಷ್ಟ.

ಮಲೇಷ್ಯಾದಲ್ಲಂತೂ ಇದು ಅರ್ಧ ಹೆಸರಿನ ಹಾಗೆ. ನೂರ್ ಆಯಿಷಾ, ನೂರುಲ್ ಹುದಾ, ಹೀಗೆ ಎಲ್ಲದಕ್ಕೂ ಮುಂದೆ ಸೇರುತ್ತದೆ. ನನ್ನ ಜೊತೆ ಓದಿದ ಮೂವರು ಮಲಯ್ ಹುಡುಗಿಯರಿಗೂ ಮೊದಲ ಹೆಸರು ನೂರ್, ಹಾಗಾಗಿ ಯಾರನ್ನೂ ನೂರ್ ಅಂತ ಕರೆಯುತ್ತಿರಲಿಲ್ಲ.

ರಿಯಾದ್‌ನಿಂದ ಒಬ್ಬ:
ಇಲ್ಲಿ ಸೌದಿಯವರು ಹೆಣ್ಣುಮಕ್ಕಳಿಗೆ ಜಾಸ್ತಿ ಇಡುವುದು ‘ನೂರಾ’. ಅದೇ ಬೇರು. ರಿಯಾದ್‌ನಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ದೊಡ್ಡ ವಿಶ್ವವಿದ್ಯಾಲಯಕ್ಕೆ ರಾಜಕುಮಾರಿ ನೂರಾ ಅವರ ಹೆಸರಿದೆ, ರಾಜ ಅಬ್ದುಲ್ ಅಜೀಜರ ಅಕ್ಕ. ಅತ್ತೆಗೆ ಗಂಡಸರ ಹೆಸರು ಅನ್ನುವುದೇ ತಕರಾರಾದರೆ ನೂರಾ ಅಂತ ಇಟ್ಟುಬಿಡಿ, ಯಾರೂ ಕೇಳುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಮನೆಯವರು ಗಲ್ಫ್‌ನಲ್ಲಿದ್ದಾರೆ ಅಂದಿರಿ, ಹಾಗಾಗಿ ಹೇಳುತ್ತಿದ್ದೇನೆ. ಪಾಸ್‌ಪೋರ್ಟಿನಲ್ಲಿ ಬರೀ ‘ನೂರ್’ ಅಂತ ಒಂದೇ ಹೆಸರು ಬೇಡ. 2022ರ ನವೆಂಬರಿನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಇದ್ದವರಿಗೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದರು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗುತ್ತದೆ ಅಂತ ಸಡಿಲ ಮಾಡಿದರು. ಆದರೂ ಆ ತಲೆನೋವು ಯಾಕೆ? ನೂರ್ ಜೊತೆ ಫಾತಿಮಾನೋ ಅಪ್ಪನ ಹೆಸರೋ ಮೊದಲ ದಿನವೇ ಸೇರಿಸಿ. ನಮ್ಮ ಕಡೆ ಸರ್‌ನೇಮ್ ಇಲ್ಲದೆ ಬೆಳೆದವರು ಇಲ್ಲಿ ಕೌಂಟರ್ ಮುಂದೆ ಎಷ್ಟು ಒದ್ದಾಡುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ.

ತುಮಕೂರು ವಕೀಲ:
ಇದಕ್ಕೆ ಸೇರಿಸುತ್ತೇನೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರು ಅಷ್ಟರೊಳಗೆ ಗಟ್ಟಿಯಾಗಲೇಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದರ ನಂತರ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಹಾಗಾಗಿ ಅತ್ತೆ ಜೊತೆ ಜಗಳ ಮಾಡಿಕೊಳ್ಳಬೇಡಿ, ಸಮಯ ಇದೆ. ಆದರೆ ಬರೆಸುವಾಗ ಕನ್ನಡ, ಇಂಗ್ಲಿಷ್ ಎರಡನ್ನೂ ಅಕ್ಷರ ಅಕ್ಷರ ಓದಿ ನೋಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲದಕ್ಕೂ ಹುಟ್ಟಿದ ದಿನಾಂಕದ ದಾಖಲೆ ಈ ಒಂದು ಪ್ರಮಾಣಪತ್ರವೇ.

ಸಾದಾ ಮನುಷ್ಯ, ಕಲಬುರಗಿ:
ಕ್ಷಮಿಸಿ, ನಾನು ಬೇರೆ ಮಾತು ಹೇಳುತ್ತೇನೆ. ‘ಅನ್-ನೂರ್’ ಅಲ್ಲಾಹನ 99 ಹೆಸರುಗಳಲ್ಲಿ ಒಂದು. ಹಾಗಾಗಿ ಬರೀ ನೂರ್ ಅಂತ ಇಡಬಾರದು ಅಂತ ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು. ಗಂಡಾದರೆ ಅಬ್ದುನ್ನೂರ್, ಅಂದರೆ ಆ ನೂರ್‌ನ ದಾಸ, ಅಂತ ಇಡಿ ಅನ್ನುತ್ತಿದ್ದರು. ಹೆಣ್ಣಿಗೆ ಅದೂ ಆಗುವುದಿಲ್ಲ.

ಅರಬಿ ಮೇಷ್ಟ್ರು, ವಿಜಯಪುರ:
ನಿಮ್ಮ ಹಿರಿಯರ ಎಚ್ಚರಿಕೆ ದೊಡ್ಡದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ‘ಅಲ್’ ಅಥವಾ ‘ಅನ್’ ಸೇರಿದಾಗ ಅದು ದೇವರಿಗೆ ಮೀಸಲು, ಅದಿಲ್ಲದಾಗ ನೂರ್ ಸಾಮಾನ್ಯ ಪದ. ಚಂದ್ರನಿಗೂ ಆ ಪದ ಬಂದಿದೆ ಅಂತ ಮೇಲೆ ಬರೆದೆನಲ್ಲ. ತಂಗಿ, ಸಂಶಯ ಇದ್ದರೆ ನಿಮ್ಮ ಮಸೀದಿಯ ಹಜರತ್ತರನ್ನು ಒಂದು ಮಾತು ಕೇಳಿಬಿಡಿ, ಮನಸ್ಸು ನಿರಾಳವಾಗುತ್ತದೆ.

ಗಂಜಾಮ್ ಹುಡುಗಿ, ಶ್ರೀರಂಗಪಟ್ಟಣ:
ಇತಿಹಾಸ ಓದುತ್ತಿದ್ದೇನೆ, ಹಾಗಾಗಿ ಬರೆಯದೆ ಇರಲು ಆಗಲಿಲ್ಲ. ಗಂಡಿನ ಹೆಸರೋ ಹೆಣ್ಣಿನ ಹೆಸರೋ ಅನ್ನುವುದಕ್ಕೆ ಒಂದೇ ಮನೆಯಲ್ಲಿ ಉತ್ತರ ಇದೆ. ಜಹಾಂಗೀರ್ ಬಾದಶಹನ ಪೂರ್ತಿ ಬಿರುದಿನಲ್ಲಿ ‘ನೂರುದ್ದೀನ್’ ಇದೆ. ಅವನ ಹೆಂಡತಿ ಮೆಹರುನ್ನಿಸಾಗೆ ಅವನು ಮೊದಲು ಕೊಟ್ಟ ಹೆಸರು ನೂರ್ ಮಹಲ್, 1616ರಲ್ಲಿ ನೂರ್ ಜಹಾನ್. ಗಂಡನೂ ನೂರ್, ಹೆಂಡತಿಯೂ ನೂರ್. ಅವಳ ಹೆಸರಿನಲ್ಲಿ ನಾಣ್ಯವನ್ನೂ ಹೊಡೆಸಿದರು.

ಇನ್ನೊಬ್ಬರು ನೂರುನ್ನಿಸಾ ಇನಾಯತ್ ಖಾನ್. ನಮ್ಮ ಟಿಪ್ಪು ಸುಲ್ತಾನರ ವಂಶದವರು ಅಂತ ಹೇಳುತ್ತಾರೆ. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ತಂದೆ ಸೂಫಿ ಗುರು ಹಾಗೂ ವೀಣೆ ನುಡಿಸುವವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತದಳ ಸೇರಿ, 1943ರಲ್ಲಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿಗೆ ವೈರ್‌ಲೆಸ್ ಸೆಟ್ಟು ನಡೆಸಲು ಹೋದರು. ಆ ಕೆಲಸಕ್ಕೆ ಅಲ್ಲಿಗೆ ಹೋದ ಮೊದಲ ಹೆಂಗಸು ಅವರೇ. ಸಿಕ್ಕಿಬಿದ್ದರು, 1944ರ ಸೆಪ್ಟೆಂಬರಿನಲ್ಲಿ ನಾಜಿಗಳ ಡಾಖೌ ಸೆರೆ ಶಿಬಿರದಲ್ಲಿ ಕೊಂದರು. 1949ರಲ್ಲಿ ಬ್ರಿಟಿಷರು ಜಾರ್ಜ್ ಕ್ರಾಸ್ ಅನ್ನುವ ಶೌರ್ಯ ಪದಕ ಕೊಟ್ಟರು. ಎಲ್ಲರೂ ಇವತ್ತು ಅವರನ್ನು ನೂರ್ ಅಂತಲೇ ನೆನೆಯುತ್ತಾರೆ. ನಿಮ್ಮ ಅತ್ತೆಗೆ ಇವರ ಕತೆ ಹೇಳಿ ಅಕ್ಕ.

ನಿವೃತ್ತ ಶಿಕ್ಷಕ, ಕೊಪ್ಪಳ:
ಮೇಷ್ಟ್ರೇ, ಕುರ್‌ಆನಿನಲ್ಲಿ ನೂರ್ ಅಂತಲೇ ಒಂದು ಅಧ್ಯಾಯ ಇದೆ ಅಂತ ಕೇಳಿದ್ದೇನೆ. ಅದರಲ್ಲಿ ಏನಿದೆ?

ಅರಬಿ ಮೇಷ್ಟ್ರು, ವಿಜಯಪುರ:
ಹೌದು ಗುರುಗಳೇ, 24ನೇ ಸೂರಾ. ಅದರ 35ನೇ ಆಯತ್ತಿನಲ್ಲಿ ದೇವರ ಬೆಳಕಿಗೆ ಒಂದು ಹೋಲಿಕೆ ಇದೆ. ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ದೀಪ. ದೀಪ ಗಾಜಿನೊಳಗಿದೆ, ಗಾಜು ನಕ್ಷತ್ರದ ಹಾಗೆ ಹೊಳೆಯುತ್ತಿದೆ. ಅದಕ್ಕೆ ಎಣ್ಣೆ ಬಂದದ್ದು ಪೂರ್ವದ್ದೂ ಅಲ್ಲದ ಪಶ್ಚಿಮದ್ದೂ ಅಲ್ಲದ ಒಂದು ಆಲಿವ್ ಮರದಿಂದ. ಬೆಂಕಿ ಮುಟ್ಟುವ ಮೊದಲೇ ಆ ಎಣ್ಣೆ ಬೆಳಗುವ ಹಾಗಿದೆ. ಕೊನೆಯಲ್ಲಿ ‘ನೂರುನ್ ಅಲಾ ನೂರ್’, ಬೆಳಕಿನ ಮೇಲೆ ಬೆಳಕು.

ನಿವೃತ್ತ ಶಿಕ್ಷಕ, ಕೊಪ್ಪಳ:
ಗೋಡೆಯ ಗೂಡು ಅಂದಿರಿ, ಕಣ್ಣ ಮುಂದೆ ನಮ್ಮ ಹಳೆಯ ಮನೆ ಬಂತು. ಪಡಸಾಲೆಯ ಗೋಡೆಯಲ್ಲಿ ದೀಪದ ಗೂಡು ಇತ್ತು, ಮೇಲ್ಭಾಗ ಮಸಿ ಹಿಡಿದು ಕಪ್ಪಾಗಿತ್ತು. ಅವ್ವ ಸಂಜೆ ಮೊದಲು ಅಲ್ಲಿಗೆ ಹೋಗುತ್ತಿದ್ದಳು. ಇಷ್ಟು ದಿನ ಈ ಹೆಸರನ್ನು ಹಾಜರಿಯಲ್ಲಿ ಕೂಗಿದ್ದೇನೆ, ಅದರೊಳಗೆ ನಮ್ಮನೆಯ ಗೂಡು ಇದೆ ಅಂತ ಗೊತ್ತಿರಲಿಲ್ಲ.

ಗದಗಿನ ಅವ್ವ:
ಎಲ್ಲ ಓದಿದೆ. ಎಲ್ಲರೂ ಚಲೋ ಹೇಳಿದ್ದೀರಿ. ಆದರೆ ಯಾರೂ ಆ ಅತ್ತೆಯ ಕಡೆಯಿಂದ ಯೋಚಿಸಲಿಲ್ಲ.

ತಂಗಿ, ನೂರ್ ಅಹಮದ್ ನಿಮ್ಮ ಅತ್ತೆಗೆ ಏನಾಗಬೇಕು? ಮಾವ. ಒಂದು ಕೇಳುತ್ತೇನೆ. ನಿಮ್ಮ ಅತ್ತೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನೀವು ಯಾವತ್ತಾದರೂ ಕೇಳಿದ್ದೀರಾ?

ನನ್ನ ಅತ್ತೆಯ ಮಾವನ ಹೆಸರು ಸಕ್ಕರೆಪ್ಪ. ಅವರು ಸಾಯುವ ತನಕ ಸಕ್ಕರೆ ಅನ್ನಲಿಲ್ಲ. ‘ಚಹಾಕ್ಕ ಸಿಹಿ ಹಾಕು’ ಅನ್ನುತ್ತಿದ್ದರು. ಅಂಗಡಿಗೆ ಹೋದರೆ ಬೆರಳು ತೋರಿಸುತ್ತಿದ್ದರು. ಗಂಡನ ಹೆಸರನ್ನಾದರೂ ಮದುವೆ ಮುಂಜಿಯಲ್ಲಿ ಒಡಪು ಕಟ್ಟಿ ಹೇಳಬಹುದಿತ್ತು, ಮಾವನ ಹೆಸರಿಗೆ ಅದೂ ಇರಲಿಲ್ಲ. ಇದಕ್ಕೆ ಜಾತಿ ಧರ್ಮ ಇಲ್ಲ, ನಮ್ಮ ಓಣಿಯ ಎಲ್ಲ ಮನೆಯಲ್ಲೂ ಹಾಗೇ ಇತ್ತು. ಈಗ ಮೊಮ್ಮಗಳಿಗೆ ಆ ಹೆಸರಿಟ್ಟರೆ ಅವರು ಕೂಸನ್ನು ಏನಂತ ಕರೆಯಬೇಕು? ‘ಗಂಡಸರ ಹೆಸರು’ ಅನ್ನುವುದು ನೆಪ ಇರಬೇಕು. ಕೇಳಿ ನೋಡಿ.

ದುರ್ಗದ ಅಮ್ಮಿ:
ಅವ್ವ, ನಿಮ್ಮ ಮಾತು ಓದಿ ಕೂತಲ್ಲೇ ಕೂತೆ. ಮದುವೆಯಾಗಿ ನಾಲ್ಕು ವರ್ಷ. ನಿಜವಾಗಿ ಒಂದು ಸಲವೂ ಕೇಳಿಲ್ಲ. ‘ಇವರ ಅಪ್ಪನ ಅಪ್ಪ’ ಅಂತಲೋ ‘ದೊಡ್ಡವರು’ ಅಂತಲೋ ಹೇಳುತ್ತಾರೆ.

ಆಮೇಲೆ ಇನ್ನೊಂದು ಹೊಳೆಯಿತು. ಅತ್ತೆ ಸಂತೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಐವತ್ತು ಅನ್ನುತ್ತಾರೆ, ಇನ್ನೂರು ಅನ್ನುವಾಗ ‘ದೋ ಸೌ’ ಅನ್ನುತ್ತಾರೆ. ‘ಸೌ ರೂಪಾಯಿಗೆ ಎಷ್ಟು ಕೊಡುತ್ತೀಯ’ ಅಂತಲೇ ಕೇಳುತ್ತಾರೆ. ದಖನಿ ಅಭ್ಯಾಸ ಅಂದುಕೊಂಡಿದ್ದೆ. ಅವರು ಕನ್ನಡದಲ್ಲಿ ನೂರು ಅನ್ನುವುದೇ ಇಲ್ಲ!

ರಾತ್ರಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಕೇಳಿದೆ. ಮೊದಲು ಸುಮ್ಮನಿದ್ದರು. ಆಮೇಲೆ ತಾವೇ ಹೇಳಿದರು. ಮದುವೆಯಾಗಿ ಬಂದಾಗ ಅವರಿಗೆ ಹದಿನಾರು. ಮಾವ ಸಂಜೆ ಬಂದು ಹಿತ್ತಲಲ್ಲಿ ತಿದಿ ಒತ್ತಿ ಕೆಂಡ ಮಾಡಿ ಮನೆಯ ಪಾತ್ರೆಗಳಿಗೂ ಕಲಾಯಿ ಹಾಕುತ್ತಿದ್ದರಂತೆ. ಕಾದ ಹಿತ್ತಾಳೆಗೆ ನವಸಾಗರ ಹಾಕಿದ ಕೂಡಲೇ ಬಿಳಿ ಹೊಗೆ ಏಳುತ್ತದೆ, ತವರ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಉಜ್ಜಿದರೆ ಒಳಗೆಲ್ಲ ಬೆಳ್ಳಗೆ ಕನ್ನಡಿ. ‘ಬಾ, ನಿನ್ನ ಮುಖ ನೋಡಿಕೋ’ ಅಂತ ಪಾತ್ರೆಯನ್ನು ಇವರ ಕಡೆ ತಿರುಗಿಸುತ್ತಿದ್ದರಂತೆ. ಅಷ್ಟು ದೊಡ್ಡವರ ಹೆಸರು ಹಿಡಿದು ಮಗುವನ್ನು ಗದರಿಸುವುದು ಹೇಗೆ ಅಂತ ಅತ್ತೆಯ ಪ್ರಶ್ನೆ. ‘ನಿಮಗೆ ಇಷ್ಟ ಇದ್ದರೆ ಇಡಿ, ನಾನು ಮಾತ್ರ ರೋಶ್ನಿ ಅಂತ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ’ ಅಂದರು.

ಗದಗಿನ ಅವ್ವ:
ಕರೆಯಲಿ ಬಿಡು ತಂಗಿ. ರೋಶ್ನಿ ಅಂದರೂ ಬೆಳಕೇ ಅಲ್ಲೇನು.

ರಿಯಾದ್‌ನಿಂದ ಒಬ್ಬ:
ನಾನು ಸುಲಭವಾಗಿ ನೂರಾ ಇಡಿ ಅಂದುಬಿಟ್ಟೆ. ಅತ್ತೆಗೆ ನನ್ನ ಸಲಾಂ ಹೇಳಿ.

ದುರ್ಗದ ಅಮ್ಮಿ:
ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅಕೀಕಾ ಚೆನ್ನಾಗಿ ಆಯಿತು. ಮಗುವಿನ ಕೂದಲು ತೆಗೆಸಿ, ಅದರ ತೂಕದ ಬೆಳ್ಳಿಯ ಬೆಲೆಯನ್ನು ದಾನ ಕೊಟ್ಟೆವು. ಹೆಸರು ನೂರ್ ಫಾತಿಮಾ. ಪ್ರಮಾಣಪತ್ರದಲ್ಲಿ ಎರಡೂ ಭಾಷೆಯಲ್ಲಿ ಅಕ್ಷರ ಅಕ್ಷರ ನೋಡಿ ಬರೆಸಿದೆವು, ವಕೀಲರು ಹೇಳಿದ ಹಾಗೆ.

ನಿನ್ನೆ ಒಂದೂವರೆ ತಿಂಗಳ ಚುಚ್ಚುಮದ್ದು ಇತ್ತು. ನನಗೆ ಬೆನ್ನು ನೋವು ಅಂತ ಅತ್ತೆಯೇ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದರು. ನಾನು ಹಿಂದೆ ಬೆಂಚಿನ ಮೇಲೆ ಕೂತಿದ್ದೆ. ನರ್ಸಮ್ಮ ತಾಯಿ ಕಾರ್ಡ್ ತೆಗೆದು ‘ಹೆಸರು ಇಟ್ಟಿರಾ, ಏನು ಬರೆಯಲಿ’ ಅಂದರು. ಅತ್ತೆ ಒಂದು ಸಲ ನನ್ನ ಕಡೆ ತಿರುಗಿದರು. ನಾನು ಎದ್ದು ಬರುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು, ಮೆಲ್ಲಗೆ, ‘ನೂರ್’ ಅಂದರು.

ನರ್ಸಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡರು. ತಾಯಿ ಕಾರ್ಡಿನಲ್ಲಿ ‘ನೂರು’ ಅಂತ ಬರೆದಿದ್ದಾರೆ. ತಿದ್ದಿಸಲಿಲ್ಲ.